ಪದಚರ್ಚೆ: ಕೋವಿಯ ಚೋಕು, ಮರ, ಹಳಿ ಮತ್ತು ‘ಹೊರಗಿನ ಸಾಮಾನು’

ಬಳಗದ ಎಲ್ಲರಿಗೂ ನಮಸ್ಕಾರ.

ಎರಡು ಹಾಳೆಯ ಅನುವಾದಕ್ಕೆ ಕೈಹಾಕಿ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ನಿಮ್ಮ ನೆರವು ಬೇಕು.

ನನ್ನ ಅಕ್ಕನ ಮಗ ಕೊಡಗಿನ ಹುಡುಗಿಯನ್ನು ಮದುವೆಯಾಗಿದ್ದಾನೆ. ನನಗೂ ಅಳಿಯ, ಅಲ್ಲಿಗೂ ಅಳಿಯ. ಈ ಸಲ ಮಾವನ ಮನೆಗೆ ಹೋಗುವಾಗ ಅವರ ಕೋವಿಗಳಿಗೆಂದು ಒಂದಿಷ್ಟು ಸಾಮಾನು ಕೊಂಡುಹೋದ. ಹೊಸ ಪಂಪ್ ಆಕ್ಷನ್ ಕೋವಿಗೆ ಮೂರು ಚೋಕ್ ಟ್ಯೂಬು, ಹೆಗಲಿಗೆ ತಾಗುವ ಕಡೆ ಕೂರಿಸುವ ರಬ್ಬರು, ಒಂದು ತೊಗಲಿನ ಪಟ್ಟಿ. ಇಷಾಪುರದ ಹಳೆಯ ಪಾಯಿಂಟ್ 315 ರೈಫಲಿಗೆ ಗುರಿ ನೋಡುವ ಒಂದು ದುರ್ಬೀನು. ಎಲ್ಲದರ ಜೊತೆಗೂ ಇಂಗ್ಲಿಷಿನ ಚೀಟಿ. ಬೀಗರು ಮನೆಯಲ್ಲಿ ಆಡುವುದು ಕೊಡವ ತಕ್ಕ್, ಓದುವುದು ಕನ್ನಡ. ಅಳಿಯ ಚೀಟಿಗಳನ್ನು ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿ ಅವರ ಕೈಗಿಟ್ಟನಂತೆ. ಅದರಲ್ಲಿ ಸ್ಟಾಕ್ ‘ದಾಸ್ತಾನು’ ಆಗಿತ್ತು. ಸ್ಲಿಂಗ್ ‘ಕವಣೆ’. ಐ ರಿಲೀಫ್ ‘ಕಣ್ಣಿನ ಪರಿಹಾರ’. ಫುಲ್ ಚೋಕ್ ‘ಪೂರ್ಣ ಉಸಿರುಗಟ್ಟುವಿಕೆ’. ಒಂದೇ ಪುಟದಲ್ಲಿ ಗೇಜೂ ಬಂದು ರೈಲೂ ಬಂದಾಗ ಬೀಗರು ಕನ್ನಡಕ ತೆಗೆದಿಟ್ಟು, “ಇದೇನು ಸಕಲೇಶಪುರದ ಘಾಟಿ ಲೈನಾ?” ಎಂದರಂತೆ. ಆಮೇಲೆ ಆ ಹಾಳೆಗಳು ನನ್ನ ಪಾಲಿಗೆ ಬಂದವು.

ಕೋವಿಯ ಮಾತಿಗೆ ನಮ್ಮಲ್ಲಿ ಬಡತನವಿಲ್ಲ ಎಂದುಕೊಂಡೇ ಕೂತೆ. ಬಂದೂಕು ಅರಬ್ಬಿಯಿಂದ ಬಂತು, ತುಪಾಕಿ ತುರ್ಕಿಯಿಂದ. ಕೊಡವರ ‘ತೋಕ್’, ಮಲಯಾಳದ ‘ತೋಕ್ಕ್’ ಆ ತುಪಾಕಿಯೇ ಸವೆದು ಆದದ್ದು. ಕೋವಿ ಮಾತ್ರ ನಮ್ಮದೇ. ಕೋವಿ ಎಂದರೆ ಕೊಳವೆ. ಒಲೆ ಊದುವ ಊದುಗೋವಿಯ ಸೋದರ. ತುಳುವಿನ ಬೆಡಿ ಸದ್ದಿನ ಕಡೆಯಿಂದ ಬಂದದ್ದು, ಕುಂಬಳೆ ಬೆಡಿಗೆ (ಅಲ್ಲಿನ ಜಾತ್ರೆಯ ಸಿಡಿಮದ್ದಿಗೆ) ಹೋದವರಿಗೆ ಅದನ್ನು ವಿವರಿಸಬೇಕಿಲ್ಲ. ಒಳಗಿನ ಭಾಗಗಳಿಗೂ ಹೆಸರುಂಟು. ಮದ್ದು, ಚರೆ (ಸಣ್ಣ ಗುಂಡುಗಳು), ಈಡು (ಒಂದು ಸಲದ ಮದ್ದುಗುಂಡು), ಕೇಪು (ಮದ್ದಿಗೆ ಕಿಡಿ ಹತ್ತಿಸುವುದು), ನಳಿಗೆ (ಗುಂಡು ಹಾಯುವ ಕೊಳವೆ). ಎತ್ತಿ ನಿಲ್ಲಿಸುವ ಕೊಕ್ಕೆಗೆ ಕುದುರೆ, ಬೆರಳಿಂದ ಎಳೆಯುವುದಕ್ಕೆ ನಮ್ಮ ಮನೆಯಲ್ಲಿ ಬಿಲ್ಲು. ಬಾಯಿಂದ ಮದ್ದು ಜಡಿಯುವ ಕೋಲಿಗೆ ಗಜ. ತೋಟಾ (ಮದ್ದು, ಗುಂಡು ತುಂಬಿದ ಕಾರ್ಟ್ರಿಡ್ಜ್) ಬಂದಮೇಲೆ ಗಜಕ್ಕೆ ಆ ಕೆಲಸ ಹೋಯಿತು, ಹೆಸರು ಹೋಗಲಿಲ್ಲ. ಈಗ ನಳಿಗೆ ಒರೆಸುವ ಸಲಾಕೆಯೇ ಗಜ. ಆದರೆ ಈ ಮಾತುಗಳೆಲ್ಲ ಕೋವಿಯ ಮೈಯಲ್ಲೇ ಇರುವ ಭಾಗಗಳವು. ಆಮೇಲೆ ಅಂಗಡಿಯಿಂದ ತಂದು ಸಿಕ್ಕಿಸುವ ವಸ್ತುಗಳಿಗೆ ಬಂದೊಡನೆ ನಮ್ಮ ಬಾಯಿ ಕಟ್ಟುತ್ತದೆ.

ಮೊದಲು ಚೋಕು, ಅದೇ ದೊಡ್ಡ ತಲೆನೋವು. ನಳಿಗೆಯ ತುದಿಯಲ್ಲಿ ಒಳಸುತ್ತು ತುಸು ಕಿರಿದಾಗಿರುತ್ತದೆ, ಹಾಗಾಗಿ ಚರೆ ಬೇಗ ಚದುರದೆ ಒಟ್ಟಾಗಿ ಹೋಗುತ್ತದೆ. ಹಳೆಯ ಕೋವಿಗಳಲ್ಲಿ ಅದು ನಳಿಗೆಯಲ್ಲೇ ಕೊರೆದದ್ದು, ಬದಲಾಗದು. ಹೊಸವುಗಳಲ್ಲಿ ನಳಿಗೆಯ ಬಾಯಿಗೆ ಥ್ರೆಡ್ ಇರುತ್ತದೆ, ಬೇಕಾದ ಬಿಗಿಯ ಟ್ಯೂಬನ್ನು ತಿರುಗಿಸಿ ಕೂರಿಸಬಹುದು. ಈ ಪದವನ್ನು ಕನ್ನಡಿಸಬೇಕೇ? ನಾನು ‘ಬಾಯಿಬಿಗಿ’ ಎಂದು ಬರೆದೆ. ಬೀಗರು ಫೋನಿನಲ್ಲಿ ನಕ್ಕರು. “ನಮ್ಮಪ್ಪನ ಕಾಲದ ಜೋಡುನಳಿಗೆ ಇತ್ತಲ್ಲ, ಈಗ ತಮ್ಮನ ಹತ್ರ ಇದೆ, ಅದರ ಬಲದ್ದು ಹಾಫ್ ಚೋಕು, ಎಡದ್ದು ಫುಲ್ ಚೋಕು. ಐವತ್ತು ವರ್ಷದಿಂದ ಹಾಗೇ ಹೇಳ್ತಾ ಇದೀವಿ.” ಆಯಿತು, ಚೋಕು ಚೋಕಾಗಿಯೇ ಇರಲಿ. ಸ್ಕೂಟರು ಇಟ್ಟುಕೊಂಡಿದ್ದವರಿಗೂ ಅದು ಗೊತ್ತಿರುವ ಮಾತು.

ನಿಜವಾದ ತೊಡಕು ಅಳತೆಯ ಹೆಸರುಗಳಲ್ಲಿದೆ. ನಮ್ಮ ಕಡೆ ನಿಂತಿರುವುದು ಬ್ರಿಟಿಷರ ಕ್ರಮ: ಫುಲ್, ಮುಕ್ಕಾಲು, ಹಾಫ್, ಕ್ವಾರ್ಟರ್. ಚೀಟಿ ಬಂದಿರುವುದು ಅಮೆರಿಕದ ಕ್ರಮದಲ್ಲಿ. ಅಲ್ಲಿ ಹಾಫ್ ಚೋಕಿಗೆ ‘ಮಾಡಿಫೈಡ್’, ಕ್ವಾರ್ಟರಿಗೆ ‘ಇಂಪ್ರೂವ್ಡ್ ಸಿಲಿಂಡರ್’, ಚೋಕೇ ಇಲ್ಲದ್ದಕ್ಕೆ ‘ಸಿಲಿಂಡರ್’. ಯಂತ್ರ ಇವನ್ನು ‘ಮಾರ್ಪಡಿಸಿದ’, ‘ಸುಧಾರಿತ ಸಿಲಿಂಡರ್’ ಎಂದು ಮಾಡಿತ್ತು. ಎರಡನೆಯದು ಅಡುಗೆಮನೆಯ ಅನಿಲದ ಜಾಹೀರಾತಿನಂತಿದೆ, ನಕ್ಕು ಬಿಡಬಹುದು. ಮೊದಲನೆಯದನ್ನು ಹಾಗೆ ಬಿಡುವಂತಿಲ್ಲ. ‘ಮಾರ್ಪಡಿಸಿದ ನಳಿಗೆ’ ಎಂದು ಅಚ್ಚಾದ ಹಾಳೆ ಕೋವಿಯ ಚೀಲದಲ್ಲಿದ್ದು, ಅದು ಠಾಣೆಯವರ ಕಣ್ಣಿಗೆ ಬಿದ್ದರೆ ಅವರು ಏನೆಂದುಕೊಳ್ಳಬೇಕು? 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ, ಅದಕ್ಕೆಂದೇ ಪರವಾನಗಿ ಇಲ್ಲದೆ ನಳಿಗೆಯನ್ನು ಮೋಟು ಮಾಡುವುದು ಅಪರಾಧ. ಅಂಥ ಕಡೆ ‘ಮಾರ್ಪಾಡು’ ಎಂಬ ಪದವನ್ನು ಸುಮ್ಮನೆ ಬಳಸಬಾರದು.

ಭಿನ್ನರಾಶಿಯಲ್ಲಿ ಕನ್ನಡಕ್ಕೆ ಸಲೀಸು. ಪೂರ್ತಿ ಚೋಕು, ಮುಕ್ಕಾಲು ಚೋಕು, ಅರೆ ಚೋಕು, ಕಾಲು ಚೋಕು, ಬರಿನಳಿಗೆ. ಹನ್ನೆರಡು ಬೋರಿನಲ್ಲಿ ಈ ಹೆಸರುಗಳಿಗೆ ಲೆಕ್ಕದ ಆಧಾರವೂ ಇದೆ. ಪೂರ್ತಿ ಚೋಕೆಂದರೆ ಸುಮಾರಾಗಿ ಇಂಚಿನ ಸಾವಿರ ಪಾಲಿನಲ್ಲಿ 40 ಪಾಲು ಕಿರಿದು, ಅರೆಯೆಂದರೆ 20, ಕಾಲೆಂದರೆ 10. 40 ಗಜ ದೂರದಲ್ಲಿ 30 ಇಂಚಿನ ವೃತ್ತ ಬರೆದು ಹೊಡೆದರೆ ಪೂರ್ತಿ ಚೋಕಿನಲ್ಲಿ ನೂರಕ್ಕೆ ಸುಮಾರು 70 ಚರೆ ಒಳಗೆ ಬೀಳುತ್ತವೆ, ಅರೆಯಲ್ಲಿ 60, ಕಾಲಿನಲ್ಲಿ 50ರಿಂದ 55, ಬರಿನಳಿಗೆಯಲ್ಲಿ 40. (ಈ ‘ಗಜ’ ದೂರದ ಗಜ, ಮೇಲೆ ಹೇಳಿದ ಕೋಲಲ್ಲ. ಒಂದೇ ಹಾಳೆಯಲ್ಲಿ ಎರಡೂ ಬಂದು ನನಗೇ ಗೊಂದಲವಾಯಿತು.) ಚೀಟಿಯ ಎಚ್ಚರಿಕೆಗಳನ್ನು ಹೀಗೆ ಬರೆದಿದ್ದೇನೆ: “ತೋಟಾ ಒಳಗಿರುವಾಗ ಟ್ಯೂಬಿಗೆ ಕೈಹಾಕಬೇಡಿ. ಟ್ಯೂಬಿಲ್ಲದೆ ಈಡು ಹಾರಿಸಬೇಡಿ, ಥ್ರೆಡ್ ಹಾಳಾಗುತ್ತದೆ. ಉಕ್ಕಿನ ಚರೆಯ ತೋಟಾವನ್ನು ಪೂರ್ತಿ ಚೋಕಿನಲ್ಲಿ ಹೊಡೆಯಬೇಡಿ.” ಸೀಸ ಹಿಂಡಿದರೆ ಬಾಗುತ್ತದೆ, ಉಕ್ಕು ಬಾಗುವುದಿಲ್ಲ, ಅದಕ್ಕೇ ಈ ಮಾತು. ಒಂದು ಕಂಪನಿಯ ಟ್ಯೂಬು ಇನ್ನೊಂದರ ನಳಿಗೆಗೆ ಕೂರಲೇಬೇಕೆಂದಿಲ್ಲ ಎಂಬುದನ್ನೂ ಸೇರಿಸಿದ್ದೇನೆ. ಅಳಿಯ ತಂದ ಮೂರರಲ್ಲಿ ಒಂದು ಅದೇ ಕಾರಣಕ್ಕೆ ವಾಪಸು ಹೋಗಿದೆ.

ಗೇಜಿನ ಗೊಂದಲ ಬೇಗ ಬಗೆಹರಿಯಿತು. ಅಮೆರಿಕದವರ 12 ಗೇಜೇ ನಮ್ಮ ಹನ್ನೆರಡು ಬೋರು. ಒಂದು ಪೌಂಡು ಸೀಸದಿಂದ ಒಂದೇ ಗಾತ್ರದ 12 ಗುಂಡು ಮಾಡಿದರೆ ಆ ಗುಂಡು ಹಿಡಿಸುವ ನಳಿಗೆ. ಬೋರು ಎಂದೇ ಬರೆಯುತ್ತೇನೆ.

ಈಗ ರಬ್ಬರಿನ ವಿಷಯ. ರಿಕಾಯ್ಲ್ ಎನ್ನುವುದಕ್ಕೆ ಪುಸ್ತಕದ ಕನ್ನಡ ‘ಹಿಮ್ಮೆಟ್ಟುವಿಕೆ’. ಹಿಮ್ಮೆಟ್ಟುವುದು ಸೋತ ಸೈನ್ಯ. ಕೋವಿ ಒದೆಯುತ್ತದೆ; “ಹುಷಾರು, ಒದೀತದೆ” ಎಂದೇ ಮಲೆನಾಡಿನಲ್ಲಿ ಮಕ್ಕಳಿಗೆ ಹೇಳುವುದು. ಹಾಗಾಗಿ ರಿಕಾಯ್ಲ್ ಪ್ಯಾಡ್ ‘ಒದೆಮೆತ್ತೆ’. ಇದನ್ನು ಕೇಳಿ ಬೀಗರು ಹೂಂ ಎಂದರು, ನಗಲಿಲ್ಲ.

ಆದರೆ ಒದೆಮೆತ್ತೆ ಕೂರುವುದು ಯಾವುದರ ಮೇಲೆ? ಸ್ಟಾಕ್‌ಗೆ ಏನನ್ನಬೇಕು? ಪತ್ರಿಕೆಗಳು ‘ಬಂದೂಕಿನ ಹಿಡಿಯಿಂದ ಹೊಡೆದರು’ ಎಂದು ಬರೆಯುತ್ತವೆ. ಹಿಡಿ ಎನ್ನುವುದು ಕೈ ಹಿಡಿಯುವ ಜಾಗ, ಹೆಗಲಿಗೆ ಒರಗುವ ತುದಿ ಬೇರೆ, ಎರಡನ್ನೂ ಸೇರಿಸಿದ ಇಡೀ ದಿಮ್ಮಿ ಬೇರೆ. ನಮ್ಮಜ್ಜ ಇಡೀ ಭಾಗಕ್ಕೆ ‘ಕೋವಿಮರ’ ಎನ್ನುತ್ತಿದ್ದರು, ತುದಿಗೆ ‘ಬುಡ’. ನನಗೆ ಇದೇ ಸರಿಯೆನಿಸುತ್ತದೆ. ಈಗಿನ ಕೋವಿಗೆ ಪ್ಲಾಸ್ಟಿಕ್ಕಿನದು ಬರುತ್ತದಲ್ಲ, ಅದು ಮರ ಹೇಗಾದೀತು ಎಂದು ಅಳಿಯ ಕೇಳಿದ. ಎಳ್ಳಿನ ನೆಯ್ಯೇ ಎಣ್ಣೆ. ಆಮೇಲೆ ನಾವು ತೆಂಗಿನೆಣ್ಣೆ ಎಂದೆವು, ಸೀಮೆಎಣ್ಣೆಯನ್ನೂ ಎಣ್ಣೆ ಎಂದೆವು, ಯಾರ ದೀಪವೂ ಆರಲಿಲ್ಲ. ಪ್ಲಾಸ್ಟಿಕ್ ಕೋವಿಮರ ಎಂದರೆ ಆಯಿತು.

ಇಲ್ಲೇ ಒಂದು ಪದ ತಾನಾಗಿ ಸಿಕ್ಕಿತು, ಹೇಳಿಕೊಳ್ಳಲು ಖುಷಿ. ಲೆಂತ್ ಆಫ್ ಪುಲ್ ಎಂದರೆ ಬಿಲ್ಲಿನಿಂದ ಬುಡದ ನಡುವಿನವರೆಗಿನ ಅಂತರ. ಸಾಮಾನ್ಯವಾಗಿ 14 ಇಂಚಿನ ಆಸುಪಾಸು, ಮೂವತ್ತೈದೂವರೆ ಸೆಂಟಿಮೀಟರ್. ಗಿಡ್ಡ ತೋಳಿನವರಿಗೆ ಕಡಿಮೆ ಬೇಕು, ಉದ್ದ ತೋಳಿನವರಿಗೆ ಹೆಚ್ಚು. ‘ಎಳೆತದ ಉದ್ದ’ ಎಂದು ಬರೆದರೆ ಯಾರಿಗೂ ಏನೂ ಹೊಳೆಯದು. ಅಂಗಡಿಯಲ್ಲಿ ಇದನ್ನು ಅಂದಾಜು ಮಾಡುವುದು ಹೇಗೆ ಗೊತ್ತೇ? ಬುಡವನ್ನು ಮಡಿಸಿದ ಮೊಣಕೈಯ ಒಳಗಿಟ್ಟು, ತೋರುಬೆರಳು ಬಿಲ್ಲಿಗೆ ಎಟುಕುತ್ತದೆಯೇ ನೋಡುತ್ತಾರೆ. ಮೊಣಕೈಯಿಂದ ಬೆರಳಿಗೆ ಅಂದರೆ ಮೊಳವಲ್ಲವೇ! ಹೂವಾಡಗಿತ್ತಿಯ ಮೊಳಕ್ಕಿಂತ ಇದು ಗಿಡ್ಡ, ಆದರೂ ಅಳೆಯುವ ಕೈ ಅದೇ. ‘ಕೋವಿಮೊಳ’ ಎಂದು ಬರೆದಿದ್ದೇನೆ. ಒಂದು ಇಂಚು ದಪ್ಪದ ಒದೆಮೆತ್ತೆ ಕೂರಿಸಿದರೆ ಕೋವಿಮೊಳ ಒಂದು ಇಂಚು ಹೆಚ್ಚುತ್ತದೆ, ಹೆಚ್ಚಿದಷ್ಟು ಮರವನ್ನು ಬುಡದಲ್ಲಿ ಕೊಯ್ಯಬೇಕಾಗುತ್ತದೆ, ಇಲ್ಲವಾದರೆ ಹೆಗಲಿಗೆ ಎತ್ತುವಾಗ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ. ಈ ವಾಕ್ಯ ಕನ್ನಡದಲ್ಲಿ ಇಂಗ್ಲಿಷಿಗಿಂತ ಚೆನ್ನಾಗಿ ಕೂತಿದೆ ಎಂಬುದು ನನ್ನ ಜಂಬ.

ದುರ್ಬೀನಿಗೆ ಪದದ ಕೊರತೆಯಿಲ್ಲ, ಪಾರಸಿಯವರು ಕೊಟ್ಟಿದ್ದಾರೆ. ಅದನ್ನು ಹಿಡಿಯುವ ರಿಂಗುಗಳಿಗೆ ‘ಬಳೆ’ ಎಂದಿದ್ದೇನೆ. ದುರ್ಬೀನಿನ ಕೊಳವೆ 1 ಇಂಚಿನದೋ 30 ಮಿಲಿಮೀಟರಿನದೋ ನೋಡಿ ಬಳೆ ತರಬೇಕು, ಮುತ್ತೈದೆಯ ಕೈ ನೋಡಿ ತರುವ ಹಾಗೆ. ಬಳೆ ಕೂರುವ ರೈಲ್ ಇದೆಯಲ್ಲ, ಅದಕ್ಕೆ ‘ರೈಲು’ ಎನ್ನುವಂತಿಲ್ಲ. ನಮಗೆ ರೈಲೆಂದರೆ ಗಾಡಿ, ಅದು ಓಡುವುದು ಹಳಿಯ ಮೇಲೆ. ಆದ್ದರಿಂದ ‘ಹಳಿ’. ಅದರ ಅಡ್ಡಗೆರೆಗಳಿಗೆ ‘ಕಚ್ಚು’. 1995ರಲ್ಲಿ ಅಮೆರಿಕದ ಸೈನ್ಯ ಗೊತ್ತುಮಾಡಿದ ಪಿಕಾಟಿನ್ನಿ ಹಳಿಯ ಕಚ್ಚು 5.23 ಮಿಲಿಮೀಟರ್ ಅಗಲ, ಅದಕ್ಕಿಂತ ಹಳೆಯ ವೀವರ್ ಹಳಿಯದು 4.57. ವೀವರಿಗೆಂದು ಮಾಡಿದ ಬಳೆ ಪಿಕಾಟಿನ್ನಿಯಲ್ಲಿ ಕೂರುತ್ತದೆ, ತಿರುಗುಮುರುಗು ಮಾಡಿದರೆ ಬಹುಮಟ್ಟಿಗೆ ಕೂರುವುದಿಲ್ಲ. ಬೀಗರ 315ರ ಮೇಲಂತೂ ಹಳಿ ಕೂರಿಸಲು ತೂತೇ ಇಲ್ಲ. ತೂತು ಕೊರೆದು ಥ್ರೆಡ್ ಹಾಕುವುದು ಪರವಾನಗಿ ಇರುವ ಕೋವಿ ರಿಪೇರಿಯವರ ಕೆಲಸ, ಊರಿನ ಲೇತಿನವರದಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಐ ರಿಲೀಫ್‌ಗೆ ‘ಕಣ್ಣಂತರ’ ಎಂದರೆ ಹೇಗೆ? ದುರ್ಬೀನಿನ ಹಿಂಗಾಜಿನಿಂದ ಕಣ್ಣು ಎಷ್ಟು ದೂರವಿದ್ದರೆ ಪೂರ್ತಿ ನೋಟ ಸಿಗುತ್ತದೋ ಅಷ್ಟು, ಸಾಮಾನ್ಯವಾಗಿ ಮೂರರಿಂದ ನಾಲ್ಕು ಇಂಚು. ಕೋವಿ ಒದೆಯುವಾಗ ಈ ಅಂತರವೇ ಹುಬ್ಬನ್ನು ಕಾಯುವುದು. ಹತ್ತಿರ ಕೂರಿಸಿಕೊಂಡವರ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ನೀವೂ ಕಂಡಿರಬಹುದು. ‘ಕಣ್ದೂರ’ ಎಂದೂ ಯೋಚಿಸಿದೆ, ಕಣ್ಮರೆಯ ನೆನಪಾಗಿ ಬಿಟ್ಟೆ.

ಸ್ಲಿಂಗ್, ಅಂದರೆ ಕೋವಿಯನ್ನು ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ, ಪಟ್ಟಿಯೇ. ಅದರ ಕೊಂಡಿ ‘ತಿರುಗುಕೊಂಡಿ’. ಮುಂದಕ್ಕೆ ಹೋಗುತ್ತೇನೆ.

ಕೊನೆಗೆ, ನಾನು ಬರೆಯಲು ಕಾರಣವಾದ ಪದ: ಹಾಳೆಯ ತಲೆಬರಹದ ‘ಆಫ್ಟರ್‌ಮಾರ್ಕೆಟ್ ಆಕ್ಸೆಸರೀಸ್’. ಆಫ್ಟರ್‌ಮಾರ್ಕೆಟ್ ಸುಲಭ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿಗೆ ಸೀಟುಗವಸು ಹಾಕಿಸುವವರು “ಕಂಪನಿದಾ, ಹೊರಗಿಂದಾ?” ಎಂದು ಕೇಳುತ್ತಾರೆ. ‘ಹೊರಗಿನದು’ ಸಾಕು. ಆಕ್ಸೆಸರಿಗೆ ಎಲ್ಲರೂ ‘ಬಿಡಿಭಾಗ’ ಬರೆಯುತ್ತಿದ್ದಾರೆ, ಆನ್‌ಲೈನ್ ಅಂಗಡಿಗಳೂ ಸಹ. ಬಿಡಿಭಾಗ ಎಂದರೆ ಸ್ಪೇರ್ ಪಾರ್ಟು, ಯಂತ್ರದ್ದೇ ಒಂದು ಅಂಗ. ಕೋವಿಯ ವಿಷಯದಲ್ಲಿ ಈ ವ್ಯತ್ಯಾಸ ಬರೀ ನಿಘಂಟಿನದಲ್ಲ. ಅದೇ ಕಾಯ್ದೆಯ 2ನೇ ಕಲಮಿನ ವ್ಯಾಖ್ಯೆಯಂತೆ ಕೋವಿಯ ಭಾಗಗಳೂ ಕೋವಿಯೇ. ಮೇಲೆ ಹಾಕುವ ಸಾಮಾನಿನಲ್ಲಿ, ಹೊಡೆದಾಗಿನ ಸದ್ದನ್ನೋ ಬೆಂಕಿಯ ಮಿಂಚನ್ನೋ ಕುಗ್ಗಿಸಲೆಂದು ಮಾಡಿದ್ದನ್ನು ಮಾತ್ರ ಕಾಯ್ದೆ ಹೆಸರಿಸಿ ಕೋವಿಯ ಸಾಲಿಗೇ ಸೇರಿಸಿದೆ. ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ 2029ರವರೆಗೆ ಮುಂದುವರಿಸಿರುವ ವಿನಾಯಿತಿ 3 ಮತ್ತು 4ನೇ ಕಲಮುಗಳದ್ದು, ಅಂದರೆ ಶಸ್ತ್ರ ಇಟ್ಟುಕೊಳ್ಳುವ, ಒಯ್ಯುವ ಪರವಾನಗಿಯದ್ದು. ಹಾಗಿರುವಾಗ ತೊಗಲಿನ ಪಟ್ಟಿಯನ್ನೂ ನಳಿಗೆಯನ್ನೂ ಸದ್ದಡಗಿಸುವ ಕೊಳವೆಯನ್ನೂ ಒಂದೇ ‘ಬಿಡಿಭಾಗ’ದ ಬುಟ್ಟಿಗೆ ಹಾಕಿದರೆ ಓದುವವನು ತಪ್ಪು ಬುಟ್ಟಿಗೆ ಕೈಹಾಕುತ್ತಾನೆ.

‘ಪರಿಕರ’, ‘ಉಪಾಂಗ’, ‘ಸಲಕರಣೆ’ ಮೂರನ್ನೂ ಬರೆದು ಹೊಡೆದುಹಾಕಿದೆ. ಉಪಾಂಗದಲ್ಲಿ ಮತ್ತೆ ಅಂಗವೇ ಬಂತು. ಪರಿಕರ ಎಂದರೆ ಕಚೇರಿಯ ಟೆಂಡರು. ಸಲಕರಣೆ ಎಂದರೆ ಕೈಯಲ್ಲಿ ಹಿಡಿದು ಕೆಲಸ ಮಾಡುವ ಸುತ್ತಿಗೆ, ತಿರುಪುಳಿ. ಬೀಗರನ್ನೇ ಕೇಳಿದೆ: ನಿಮ್ಮ ಮನೆಯಲ್ಲಿ ಹಿಂದೆ ಕೋವಿಗೆ ಮೇಲಿಂದ ಏನಾದರೂ ಹಾಕುತ್ತಿದ್ದರೇ? ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೂ ಹಾಕ್ತೀವಿ” ಎಂದರು. ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲಿ (ಕೊಡವರ ಆಯುಧದ ಹಬ್ಬ) ಕೋವಿಗಳನ್ನು ಒರೆಸಿ ಸಾಲಾಗಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ನಮ್ಮ ಕಡೆ ಅದು ಗೌರಿ ಹೂ, ಬೆಂಕಿಯ ನಾಲಗೆಯಂಥ ಎಸಳು. ಕೊಡವರಲ್ಲಿ ಆ ಹೂವಿನ ಹೆಸರೇ ಕೋವಿಹೂ.

ಹೂ ಎಂದಮೇಲೆ ‘ತೊಡಿಗೆ’ ಎಂಬ ಮಾತು ನೆನಪಾಯಿತು. ನಳಿಗೆ, ಕುದುರೆ, ಬಿಲ್ಲು ಕೋವಿಯ ಅಂಗ. ಪಟ್ಟಿ, ಒದೆಮೆತ್ತೆ, ದುರ್ಬೀನು ಅದರ ತೊಡಿಗೆ. ತೆಗೆದಿಟ್ಟರೂ ಕೋವಿ ಕೋವಿಯೇ. ‘ಹೊರಗಿನ ತೊಡಿಗೆಗಳು’ ಎಂದು ತಲೆಬರಹ ಹಾಕಬಹುದೇ, ಅಥವಾ ಒಡವೆಯ ವಾಸನೆ ಹೆಚ್ಚಾಯಿತೇ? ಚೋಕ್ ಟ್ಯೂಬು ಯಾವ ಕಡೆಗೆ ಎಂಬುದೂ ನನಗೆ ಬಗೆಹರಿದಿಲ್ಲ. ತೆಗೆದು ಹಾಕುವುದರಿಂದ ತೊಡಿಗೆ, ಅದಿಲ್ಲದೆ ಹೊಡೆಯಬಾರದು ಎನ್ನುವುದರಿಂದ ಅಂಗ.

ಇನ್ನೆರಡು ಸಣ್ಣ ಪ್ರಶ್ನೆ. ಬಡಗಿಗಳು ಪಾರಿವಾಳದ ಬಾಲದಂತೆ ಕೊಯ್ದು ಕೂಡಿಸುವ ಜೋಡಣೆಗೆ (ಡವ್‌ಟೇಲ್) ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ಏರ್‌ಗನ್ನಿನ ದುರ್ಬೀನು ಕೂರುವುದು ಅಂಥ ಜೋಡಣೆಯಲ್ಲೇ. ಮತ್ತೆ, ನಳಿಗೆಯ ತುದಿಯ ಗುರಿಕಾಳಿಗೆ ನಮ್ಮಲ್ಲಿ ‘ಮಣಿ’, ಹಿಂದೂಸ್ತಾನಿಯಲ್ಲಿ ‘ಮಕ್ಕೀ’, ಅಂದರೆ ನೊಣ. ಬಯಲುಸೀಮೆಯಲ್ಲೂ ಕರಾವಳಿಯಲ್ಲೂ ಏನೆಂದು ಕರೆಯುತ್ತಾರೆ? ಪೊಲೀಸು ಅಥವಾ ಸೈನ್ಯದಲ್ಲಿದ್ದವರು ಬಳಗದಲ್ಲಿದ್ದರೆ ದಯವಿಟ್ಟು ಬರೆಯಿರಿ. ಹಾಳೆ ಮುಂದಿನ ವಾರ ವಿರಾಜಪೇಟೆ ಬಸ್ಸಿಗೆ ಹೋಗಬೇಕು.