ಮಗಳು ಕ್ಯಾಂಪಿನಲ್ಲಿ ರೋಶ್ ಎದಾ (ಒಂದು ಗುಂಪಿನ ಮುಖ್ಯಸ್ಥೆ) ಆಗಬೇಕಾ, ಇಂಟರ್ನ್‌ಶಿಪ್‌ಗೆ ಹೋಗಬೇಕಾ? ಅನುಭವ ಇರುವವರು ಹೇಳಿ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿ. ನಾನು ತೀರ್ಥಹಳ್ಳಿ ಕಡೆಯವಳು, ಮನೆಯವರು ಯಹೂದಿ. ಮಗಳಿಗೆ 20 ವರ್ಷ. ಒಂಬತ್ತು ವರ್ಷದವಳಿದ್ದಾಗಿಂದ ಪೆನ್ಸಿಲ್ವೇನಿಯಾದ ಪೊಕೊನೋಸ್ ಬೆಟ್ಟಗಳ ಕಡೆಯ ಒಂದು ಯಹೂದಿ ಬೇಸಿಗೆ ಕ್ಯಾಂಪಿಗೆ ಹೋಗುತ್ತಿದ್ದಾಳೆ. ಹಿಂದಿನ ಎರಡು ಬೇಸಿಗೆ ಮದ್ರಿಖಾ, ಅಂದರೆ ಕೌನ್ಸೆಲರ್ ಆಗಿ ಕ್ಯಾಬಿನ್ ನೋಡಿಕೊಂಡಳು. ಈ ಸಲ ರೋಶ್ ಎದಾ ಆಗು ಅಂತ ಕರೆದಿದ್ದಾರೆ. 64 ಮಕ್ಕಳು, 14 ಕೌನ್ಸೆಲರ್‌ಗಳು ಅವಳ ಜವಾಬ್ದಾರಿ. ಒಂಬತ್ತು ವಾರಕ್ಕೆ 3,400 ಡಾಲರ್. ಇನ್ನೊಂದು ಕಡೆ ಮ್ಯಾನ್‌ಹ್ಯಾಟನ್‌ನಲ್ಲಿ ಒಂದು ವಿಮೆ ಕಂಪನಿಯ ಇಂಟರ್ನ್‌ಶಿಪ್, ಗಂಟೆಗೆ 31 ಡಾಲರ್. ಶುಕ್ರವಾರದೊಳಗೆ ಎರಡೂ ಕಡೆ ಉತ್ತರ ಕೊಡಬೇಕು. ಮನೆಯವರು ಕ್ಯಾಂಪ್ ಅಂತಾರೆ, ನನಗೆ ನಿದ್ದೆ ಬರ್ತಿಲ್ಲ. ಇಂಥ ಕೆಲಸ ಮಾಡಿದವರು, ಮಕ್ಕಳನ್ನು ಕಳಿಸಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಅಪ್ಪ:
ಇಂಟರ್ನ್‌ಶಿಪ್. ಇದರಲ್ಲಿ ಯೋಚನೆ ಮಾಡೋದು ಏನಿದೆ?

ನನ್ನ ಲೆಕ್ಕ ಕೇಳಿ. ನನ್ನ ಹೆಂಡತಿಯ ಕಡೆಯವರೆಲ್ಲ ಕ್ಯಾಂಪಿನಲ್ಲೇ ಬೆಳೆದವರು. ಮಗ ಆರು ಬೇಸಿಗೆ ಕ್ಯಾಂಪರ್. ಫೀಸು, ಬಸ್ಸು, ಟ್ರಂಕು ಎಲ್ಲ ಸೇರಿ 52,000 ಡಾಲರ್ ಚಿಲ್ಲರೆ ಕೊಟ್ಟಿದ್ದೇನೆ. ಎಕ್ಸೆಲ್ ಶೀಟ್ ಇನ್ನೂ ಇದೆ. ಆಮೇಲೆ ಮೂರು ಬೇಸಿಗೆ ಕೌನ್ಸೆಲರ್ ಆದ. ಸಂಬಳ 1,800, ಆಮೇಲೆ 2,100, ಆಮೇಲೆ 2,400. ಒಟ್ಟು 6,300. ಎರಡನೇ ಬೇಸಿಗೆಯಲ್ಲಿ ರಜೆಯ ದಿನ ನಾಲ್ಕು ಹುಡುಗರು ಸೇರಿ ನಮ್ಮ ಕ್ಯಾಮ್ರಿಯನ್ನು ಜಿಂಕೆಗೆ ಗುದ್ದಿಸಿದರು. ರಿಪೇರಿ 1,140, ಅದರಲ್ಲಿ ವಿಮೆಯವರು ಕೊಟ್ಟದ್ದು 140. ಮೂರನೇ ಬೇಸಿಗೆಯಲ್ಲಿ ಗಂಟಲು ನೋವು, ಜ್ವರ. ನಾನೇ 118 ಮೈಲಿ ಹೋಗಿ ಕರೆದುಕೊಂಡು ಬಂದೆ. ನಾಲ್ಕು ದಿನಕ್ಕೆ ಜ್ವರ ಇಳಿಯಿತು, ಮತ್ತೆ 118 ಮೈಲಿ ಹೋಗಿ ಬಿಟ್ಟು ಬಂದೆ. "ನನ್ನ ಮಕ್ಕಳು ಕಾಯ್ತಿದ್ದಾರೆ" ಅಂದ. ನಾನೂ ಅವನ ಅಪ್ಪ ಅಲ್ವಾ?

ಡಿಗ್ರಿ ಮುಗಿದ ಮೇಲೆ ಹನ್ನೊಂದು ತಿಂಗಳು ಮನೆಯಲ್ಲಿದ್ದ. ಇಂಟರ್‌ವ್ಯೂನಲ್ಲಿ ಮೂರು ಬೇಸಿಗೆ ಏನು ಮಾಡಿದೆ ಅಂತ ಕೇಳಿದರೆ ಕ್ಯಾಂಪ್ ಹಾಡಿನ ಕಥೆ ಹೇಳುತ್ತಿದ್ದನಂತೆ. ಈಗ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಖುಷಿಯಾಗಿದ್ದೇನೆ ಅಂತಾನೆ. ಇರಬಹುದು.

ಕುಡ್ಲ ನರ್ಸ್:
ಸಾರ್, ಮಗ ಖುಷಿಯಾಗಿದ್ದಾನೆ ಅಂತ ನೀವೇ ಬರೆದಿದ್ದೀರಿ. ಮತ್ತೆ ಜಿಂಕೆಯ ಲೆಕ್ಕ ಯಾಕೆ?

ನಾನು ಇಲಿನಾಯ್ಸ್‌ನಲ್ಲಿ ಸ್ಕೂಲ್ ನರ್ಸ್. ಐದು ಬೇಸಿಗೆ ವಿಸ್ಕಾನ್ಸಿನ್‌ನ ಒಂದು ಯಹೂದಿ ಕ್ಯಾಂಪಿನ ಮಿರ್ಪಾದಲ್ಲಿ, ಅಂದರೆ ದವಾಖಾನೆಯಲ್ಲಿ, ಕೆಲಸ ಮಾಡಿದೆ. ನಾನು ಮಂಗಳೂರು ಕಡೆಯ ಕ್ಯಾಥೊಲಿಕ್, ಅಲ್ಲಿ ಯಾರೂ ಅದನ್ನು ಕೇಳಲಿಲ್ಲ. ಮಗನನ್ನು ಸ್ಟಾಫ್ ಮಕ್ಕಳ ಗಾನ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಬಿಡುತ್ತಿದ್ದೆ. ಮೊದಲ ದಿನ ಹೇನು ತಪಾಸಣೆ, ಆಮೇಲೆ ದಿನಾ ತಿಂಡಿ ಆದ ಮೇಲೆ ಮಾತ್ರೆಯ ಸಾಲು, ಸಂಜೆ ಮಕ್ಕಳ ಮೈಯಿಂದ ಉಣ್ಣಿ ಹುಳ ಕೀಳುವುದು. ಅದು ಕಚ್ಚಿದರೆ ಲೈಮ್ ಕಾಯಿಲೆಯ ಭಯ. ಆದ್ದರಿಂದ ಹೇಳುತ್ತೇನೆ, ಕ್ಯಾಂಪ್ ನಡೆಸುವವರು ಯಾರು ಅಂತ ನನಗೆ ಗೊತ್ತು.

ಡೈರೆಕ್ಟರ್‌ದು ವರ್ಷವಿಡೀ ಕೆಲಸ. ಚಳಿಗಾಲದಲ್ಲಿ ಊರೂರು ತಿರುಗಿ ಮಕ್ಕಳನ್ನು ಸೇರಿಸುವುದು, ದಾನ ಎತ್ತುವುದು, ಸ್ಟಾಫ್ ಹುಡುಕುವುದು. ಬೇಸಿಗೆಯಲ್ಲಿ ಗಾಲ್ಫ್ ಕಾರ್ಟಿನಲ್ಲಿ ವಾಕಿಟಾಕಿ ಹಿಡಿದು ಓಡಾಟ, ಅಪ್ಪಅಮ್ಮಂದಿರ ಫೋನು. ಆದರೆ ರಾತ್ರಿ ಎರಡು ಗಂಟೆಗೆ ವಾಂತಿ ಮಾಡಿದ ಮಗುವನ್ನು ಎತ್ತಿಕೊಂಡು ನನ್ನ ಬಾಗಿಲು ಬಡಿಯುವವನು 18ರ ಹುಡುಗ. ಅವನು ಹೆದರಿದರೆ ಅವನ ಬೆನ್ನಿಗೆ ನಿಲ್ಲುವವಳು 20ರ ರೋಶ್ ಎದಾ.

ಒಂದು ತಿಷಾ ಬ'ಆವ್ ದಿನ ನೆನಪಿದೆ. ಹಿಂದೆ ಜೆರುಸಲೇಮಿನ ಯಹೂದಿ ದೇವಸ್ಥಾನ ಹಾಳಾದದ್ದಕ್ಕೆ ಶೋಕದ ಉಪವಾಸ, 25 ಗಂಟೆ ನೀರೂ ಇಲ್ಲ. ಜುಲೈ ಕೊನೆಯ ಬಿಸಿಲು. ಚಿಕ್ಕ ಮಕ್ಕಳಿಗೆ ಊಟ ಇರುತ್ತದೆ, ಕೌನ್ಸೆಲರ್‌ಗಳು ಹಟಕ್ಕೆ ಬಿದ್ದು ಉಪವಾಸ. ಮಧ್ಯಾಹ್ನ ಮೂರಕ್ಕೆ ಮೂವರು ಹುಡುಗಿಯರು ನನ್ನ ಮಂಚದ ಮೇಲೆ. ತುಟಿ ಒಣಗಿದೆ, ಒಬ್ಬಳಿಗೆ ಎದ್ದು ನಿಲ್ಲಲು ಆಗುತ್ತಿಲ್ಲ. ನೀರು ಕುಡಿಯಿರಿ ಅಂದರೆ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಾನು ಎಷ್ಟು ಹೇಳಿದರೂ ಇಲ್ಲ. ಅವರ ರೋಶ್ ಎದಾ ಬಂದಳು. ಅವಳದೂ ಉಪವಾಸ. ಭಾಷಣ ಮಾಡಲಿಲ್ಲ. ಟೇಬಲ್ ಮೇಲಿದ್ದ ಪೇಪರ್ ಕಪ್ ತಗೊಂಡು ಅವರೆದುರಿಗೇ ಗಟಗಟ ಕುಡಿದಳು. "ಜೀವಕ್ಕೆ ತೊಂದರೆ ಆಗೋ ಹಾಗಿದ್ದರೆ ಕುಡಿಯಬೇಕು ಅಂತಲೇ ನಿಯಮ" ಅಂದು ಮೂವರಿಗೂ ಬಗ್ಗಿಸಿ ಕೊಟ್ಟಳು. ಕುಡಿದರು. ಅವಳು ಆಚೆ ಹೋಗಿ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತಳು. ಅವಳ ಉಪವಾಸ ಮುರಿಯಿತಲ್ಲ.

ಇಂಥದ್ದನ್ನು ಯಾವ ವಿಮೆ ಕಂಪನಿ ಕಲಿಸುತ್ತದೆ?

ಹುಬ್ಬಳ್ಳಿ ಅಪ್ಪ:
ಮೇಡಂ, ವಿಮೆ ಕಂಪನಿ ಸಂಬಳ ಕೊಡುತ್ತದೆ. ಮನೆ ಸಾಲ ಅಳುವಿನಿಂದ ತೀರುವುದಿಲ್ಲ.

ಎಡಿಸನ್ ರಾವ್:
ನಿಮ್ಮದೆಲ್ಲ ಶ್ರೀಮಂತರ ಜಗಳ. ಆಯ್ಕೆ ಮಾಡಲು ನಿಮ್ಮ ಮಕ್ಕಳಿಗೆ ಎರಡು ಕೆಲಸವಾದರೂ ಇದೆ.

ನನ್ನ ಮಗ ಎಚ್-4, ಅಂದರೆ ಅಪ್ಪಅಮ್ಮನ ಕೆಲಸದ ವೀಸಾಕ್ಕೆ ಅಂಟಿಕೊಂಡು 21ರವರೆಗೆ ಮಾತ್ರ ಇರುವ ಮಕ್ಕಳ ವೀಸಾ. ಎರಡನೇ ಕ್ಲಾಸಿನಿಂದ ಜೆಸಿಸಿ (ಯಹೂದಿ ಸಮುದಾಯ ಕೇಂದ್ರ) ಡೇ ಕ್ಯಾಂಪ್. ಅಲ್ಲಿ ಎಲ್ಲರ ಮಕ್ಕಳೂ ಬರುತ್ತಾರೆ, ನಮ್ಮ ಬೀದಿಯಿಂದಲೇ ಏಳು ದೇಸಿ ಮಕ್ಕಳು. ಶುಕ್ರವಾರ ಖಲ್ಲಾ ಬ್ರೆಡ್ ಮಾಡಿಕೊಂಡು ಬರುತ್ತಿದ್ದ, ನಾವು ಅದಕ್ಕೆ ಚಟ್ನಿಪುಡಿ ಹಚ್ಚಿ ತಿನ್ನುತ್ತಿದ್ದೆವು. 16ಕ್ಕೆ ಕೌನ್ಸೆಲರ್-ಇನ್-ಟ್ರೈನಿಂಗ್. ಅದಕ್ಕೆ ನಾವೇ 900 ಡಾಲರ್ ಕೊಟ್ಟೆವು. ದುಡ್ಡು ಕೊಟ್ಟು ದುಡಿಯುವುದು, ಇರಲಿ. 17ಕ್ಕೆ ಅವನ ಗೆಳೆಯರಿಗೆಲ್ಲ ಸಂಬಳದ ಕೆಲಸ ಸಿಕ್ಕಿತು. ಇವನಿಗೆ ಇಲ್ಲ. ಎಚ್-4 ಮಕ್ಕಳು ದುಡಿಯುವಂತಿಲ್ಲ. ಸಂಬಳ ಇಲ್ಲದೆ ಸುಮ್ನೆ ಮಾಡಲಿ ಅಂದರೆ ವಕೀಲರು ಬೇಡ ಅಂದರು. ಬೇರೆಯವರಿಗೆ ಸಂಬಳ ಕೊಡುವ ಕೆಲಸವನ್ನು ಪುಕ್ಕಟೆ ಮಾಡಿದರೂ ತೊಂದರೆಯಂತೆ. ಅಷ್ಟು ಹೇಳುವುದಕ್ಕೆ 275 ಡಾಲರ್ ತಗೊಂಡರು. ಆ ಜೂನ್‌ನಲ್ಲಿ ಗೆಳೆಯರೆಲ್ಲ ಸ್ಟಾಫ್ ಟೀಶರ್ಟ್ ಹಾಕಿಕೊಂಡು ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದ. ಗ್ರೀನ್ ಕಾರ್ಡ್ ಸಾಲು ಕರಗುವ ಹೊತ್ತಿಗೆ ಅವನಿಗೆ 21 ದಾಟುತ್ತದೆ.

ಜೆ-1 ಈಜುಗಾರ:
ರಾವ್ ಸಾರ್, ನಾನು ಬೆಂಗಳೂರಿನಿಂದ ಜೆ-1 ಎಂಬ ವಿನಿಮಯ ಕಾರ್ಯಕ್ರಮದ ವೀಸಾ ತಗೊಂಡೇ ಹೋದವನು. ಅದೂ ಸುಖ ಅಲ್ಲ.

2019. ಬಸವನಗುಡಿಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದೆ. ಏಜೆನ್ಸಿ ಮೂಲಕ ನ್ಯೂಯಾರ್ಕ್ ರಾಜ್ಯದ ಒಂದು ಯಹೂದಿ ಕ್ಯಾಂಪಿನಲ್ಲಿ ಕೆರೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಏಜೆನ್ಸಿಗೆ 70,000 ರೂಪಾಯಿ. ಸೆವಿಸ್ ಅನ್ನುವ ಸರ್ಕಾರಿ ನೋಂದಣಿಗೆ 35 ಡಾಲರ್, ವೀಸಾ 160, ಎರಡೂ ಸೇರಿ ಸುಮಾರು 13,500. ಇಂಟರ್‌ವ್ಯೂಗೆ ಚೆನ್ನೈಗೆ ಹೋಗಿಬಂದದ್ದು 6,200. ವಿಮಾನ 78,000. ಒಟ್ಟು 1,67,700. ಕೈಗೆ ಬಂದದ್ದು 1,900 ಡಾಲರ್, ಆಗಿನ ಲೆಕ್ಕದಲ್ಲಿ 1,31,000. ಅಪ್ಪ ಇವತ್ತಿಗೂ ಆ 36,700 ರೂಪಾಯಿ ಕೇಳುತ್ತಾರೆ.

ಕೆಲಸ? ಬೆಳಗ್ಗೆ ಏಳರಿಂದ. ರಾತ್ರಿ ಮಕ್ಕಳು ಮಲಗಿದ ಮೇಲೆ ಶ್ಮಿರಾ, ಅಂದರೆ ಕ್ಯಾಬಿನ್ ಜಗಲಿಯಲ್ಲಿ ಕಾವಲು. ಹೀಬ್ರೂ ಪದ ಒಂದೂ ಗೊತ್ತಿರಲಿಲ್ಲ. ಖದರ್ ಓಖೆಲ್ ಅಂದರೆ ಯಾರದೋ ಹೆಸರು ಅಂದುಕೊಂಡಿದ್ದೆ, ಊಟದ ಹಾಲ್ ಅಂತ ಮೂರನೇ ದಿನ ಗೊತ್ತಾಯಿತು. ಊಟ ಆದ ಮೇಲೆ 300 ಮಕ್ಕಳು ಟೇಬಲ್ ಗುದ್ದಿ ಗುದ್ದಿ ಪ್ರಾರ್ಥನೆ ಹಾಡುತ್ತಾರೆ, ತಟ್ಟೆ ಕುಣಿಯುತ್ತದೆ. ಶುಕ್ರವಾರ ಸಂಜೆ, ಯಹೂದಿಗಳ ವಾರದ ಪವಿತ್ರ ದಿನ ಶುರುವಾಗುವಾಗ, ಎಲ್ಲರೂ ಬಿಳಿ ಬಟ್ಟೆ ಹಾಕಿ ನನ್ನ ಕೆರೆಯ ದಂಡೆಗೆ ಬರುತ್ತಿದ್ದರು. ಏಳು ದಿನ ಸೀಟಿ ಊದಿದ ಜಾಗ, ಆ ಒಂದು ಗಂಟೆ ಮಾತ್ರ ಗುರುತೇ ಸಿಗುತ್ತಿರಲಿಲ್ಲ.

ಎಡಿಸನ್ ರಾವ್:
ನೀವು ನ್ಯೂಯಾರ್ಕ್ ನೋಡಲು ಹೋದವರು, 36,700ಕ್ಕೆ ಟೂರ್ ಸಿಕ್ಕಿತು. ನಮ್ಮ ಸಂಕಟಕ್ಕೆ ಇದನ್ನು ಹೋಲಿಸಬೇಡಿ.

ಜೆ-1 ಈಜುಗಾರ:
ನಾನು ನೋಡಿದ್ದು ಕೆರೆ ಸಾರ್. ಒಂದು ಕಪ್ಪೆ, ಎರಡು ಆಮೆ.

ಹಾಸನದ ಮಗಳು:
ನನ್ನದು ಬೇರೆ ಥರದ ಅನುಭವ.

ಮಗಳಿಗೆ ಹನ್ನೊಂದು ವರ್ಷ, ಮೊದಲ ಸಲ ರಾತ್ರಿ ಉಳಿಯುವ ಕ್ಯಾಂಪ್. ಹಾಸನದಿಂದ ಅಮ್ಮ ಬಂದಿದ್ದರು. ಹೊಸ ಟ್ರಂಕ್ ತಂದರೆ ಅಮ್ಮ ಬಿಡುತ್ತಾರಾ? ನಾನು ಆಫೀಸಿಗೆ ಹೋದಾಗ ಪೂಜೆ ಮಾಡಿ, ಮುಚ್ಚಳದ ಒಳಗೆ ಕುಂಕುಮದಲ್ಲಿ ದೊಡ್ಡದಾಗಿ ಸ್ವಸ್ತಿಕ ಬರೆದಿದ್ದಾರೆ. ನಾನೂ ನೋಡಲಿಲ್ಲ, ನನ್ನ ಯಹೂದಿ ಗಂಡನೂ ನೋಡಲಿಲ್ಲ. ಕ್ಯಾಬಿನ್‌ನಲ್ಲಿ ಹತ್ತು ಹುಡುಗಿಯರ ಮುಂದೆ ಮಗಳು ಟ್ರಂಕ್ ತೆರೆದಳು.

ಅವರ ರೋಶ್ ಎದಾಗೆ ಇಪ್ಪತ್ತೋ ಇಪ್ಪತ್ತೊಂದೋ. ಮುಚ್ಚಳ ಹಾಕಿ, ಎಲ್ಲರೂ ಮೊದಲು ಊಟಕ್ಕೆ ನಡೀರಿ ಅಂದಳಂತೆ. ಆಮೇಲೆ ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಯಾರು ಬರೆದದ್ದು ಅಂತ ಕೇಳಿದಳು. ಅಜ್ಜಿ ಅಂದಳು. ಸಂಜೆ ನನಗೆ ಫೋನು. ನಾನು ನಡುಗಿಬಿಟ್ಟೆ, ಕ್ಷಮೆ ಕೇಳಲು ಶುರು ಮಾಡಿದೆ. ಅವಳು ತಡೆದು, "ನಿಮ್ಮ ಅಮ್ಮ ಇದ್ದಾರಾ? ಅವರನ್ನೇ ಕೇಳಬೇಕು" ಅಂದಳು. ಸ್ಪೀಕರ್ ಹಾಕಿದೆ. ನಾನು ನಡುವೆ ಕನ್ನಡ ಮಾಡಿ ಹೇಳಿದೆ. ಇದು ನಿಮಗೆ ಒಳ್ಳೆಯದು ಅಂತ ಗೊತ್ತು, ಇಲ್ಲಿ ಕೆಲವು ಮಕ್ಕಳ ಮನೆಯವರನ್ನು ನಾಜಿಗಳು ಈ ಗುರುತಿನ ಕೆಳಗೆ ಕೊಂದಿದ್ದಾರೆ, ಅಳಿಸಲು ನಿಮ್ಮ ಒಪ್ಪಿಗೆ ಬೇಕು ಅಂತ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಯ್ಯೋ, ಅಳಿಸಲಿ ಬಿಡು ಮಗಾ. ಒಂದು ಬೊಟ್ಟು ಮಾತ್ರ ಇಟ್ಟಿರಲಿ" ಅಂದರು. ಆ ಹುಡುಗಿ ತಾನೇ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಬೊಟ್ಟು ಉಳಿಸಿದಳು.

ಸನಾತನ ಸುರೇಶ:
ನಾವು ಯಾಕೆ ಅಳಿಸಬೇಕು? ಅದು ಸಾವಿರಾರು ವರ್ಷದ ನಮ್ಮ ಗುರುತು. ಅವರೇ ಕಲಿತುಕೊಳ್ಳಲಿ.

ಹಾಸನದ ಮಗಳು:
ಬರೆದದ್ದು ನನ್ನ ಅಮ್ಮ, ಒಪ್ಪಿದ್ದೂ ಅವರೇ. ನಿಮ್ಮ ಟ್ರಂಕ್ ಅಲ್ಲವಲ್ಲ ರೀ.

ಫ್ರೀಮಾಂಟ್ ಮಂಜು:
ವಿಷಯಕ್ಕೆ ಬರೋಣ. ನಮ್ಮ ಕ್ಯಾಲಿಫೋರ್ನಿಯಾದ ನ್ಯೂಮನ್ ಕ್ಯಾಂಪ್ 2017ರ ಅಕ್ಟೋಬರ್‌ನಲ್ಲಿ ಟಬ್ಸ್ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತು. ಮುಂದಿನ ಬೇಸಿಗೆ ವಲೇಹೊದ ಮ್ಯಾರಿಟೈಮ್ ಅಕಾಡೆಮಿಯ ಕ್ಯಾಂಪಸ್‌ನಲ್ಲಿ ನಡೆಸಿದರು. ಕಾಡಿಲ್ಲ, ಕ್ಯಾಬಿನ್ ಇಲ್ಲ, ಹಾಸ್ಟೆಲ್ ರೂಮು. ಆದರೂ ಮಕ್ಕಳು ಹೋದರು. ನಡೆಸುವವರು ಇದ್ದರೆ ಸಾಕು. ಇನ್ನು ಊಟ. ಕೋಷರ್, ಅಂದರೆ ಯಹೂದಿ ಆಹಾರ ನಿಯಮದ ಅಡುಗೆಮನೆಯಲ್ಲಿ ಹಾಲು, ಮಾಂಸ ಬೇರೆ ಬೇರೆ. ಪಾರ್ವೆ ಅಂತ ಬರೆದದ್ದನ್ನು ನಮ್ಮ ಸಸ್ಯಾಹಾರಿ ಮಕ್ಕಳು ಕಣ್ಣು ಮುಚ್ಚಿ ತಿನ್ನಬಹುದು.

ಮೇಲುಕೋಟೆ ಅತ್ತೆ:
ತಪ್ಪು ಹೇಳಬೇಡಿ! ಪಾರ್ವೆ ಅಂದರೆ ಹಾಲೂ ಅಲ್ಲ, ಮಾಂಸವೂ ಅಲ್ಲ ಅಂತ ಅಷ್ಟೇ. ಮೊಟ್ಟೆ ಪಾರ್ವೆ. ಮೀನೂ ಪಾರ್ವೆ! ನಮ್ಮ ಅಣ್ಣನ ಮಗ ಎರಡು ವಾರ ಟ್ಯೂನಾ ಸ್ಯಾಂಡ್‌ವಿಚ್ ತಿಂದು ಬಂದ. ಪಾರ್ವೆ ಅಂತ ನೀವು ಹೇಳಿದಿರಲ್ಲ ಅಂತ ನನ್ನನ್ನೇ ಕೇಳಿದ. ಅಣ್ಣ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ.

ಕುಡ್ಲ ನರ್ಸ್:
ಮೀನು ತಿಂದರೆ ಏನಾಗುತ್ತದೆ? ಹುಡುಗ ಗಟ್ಟಿಯಾಗಿದ್ದಾನೆ ತಾನೇ?

ಮೇಲುಕೋಟೆ ಅತ್ತೆ:
ನಿಮ್ಮ ಹತ್ತಿರ ಮೀನಿನ ಬಗ್ಗೆ ಕೇಳಿಲ್ಲ ಅಮ್ಮಾ.

ಹುಬ್ಬಳ್ಳಿ ಅಪ್ಪ:
ಇನ್ನೊಂದು ಮಾತು ಮರೆತೆ. 2025ರ ಜೂನ್‌ನಲ್ಲಿ ಇಸ್ರೇಲ್ ವಿಮಾನ ಸಂಚಾರ ನಿಂತಾಗ ನಮ್ಮ ಅಳಿಯನ ಕ್ಯಾಂಪಿನ ಮಿಶ್ಲಖತ್, ಅಂದರೆ ಇಸ್ರೇಲಿನಿಂದ ಬರುವ ಸ್ಟಾಫ್ ತಂಡ, ತಡವಾಗಿ ಬಂತು. ಆ ಇಸ್ರೇಲಿ ಹುಡುಗರ ಕೆಲಸವೂ ಇಲ್ಲಿನವರ ತಲೆಗೇ. ಸಂಬಳ ಒಂದು ಡಾಲರ್ ಜಾಸ್ತಿ ಆಗಲಿಲ್ಲ.

ಸನಾತನ ಸುರೇಶ:
ಇಸ್ರೇಲ್ ವಿಷಯ ಬಂತಲ್ಲ, ಈಗ ನಾನು ಹೇಳುತ್ತೇನೆ...

ನಿರ್ವಾಹಕಿ:
ಹೇಳಬೇಡಿ. ಯುದ್ಧಕ್ಕೆ ಬೇರೆ ಜಾಗ ಹುಡುಕಿಕೊಳ್ಳಿ. ಇಲ್ಲಿ ಒಬ್ಬ ಅಮ್ಮ ಸಲಹೆ ಕೇಳಿದ್ದಾರೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ನಿಮ್ಮ ಉತ್ತರಗಳನ್ನು ಇವತ್ತು ಸಂಜೆ ಮಗಳಿಗೆ ಓದಿ ಹೇಳಿದೆ. ಅವಳು ಮಂಗಳವಾರವೇ ಕ್ಯಾಂಪಿಗೆ ಸಹಿ ಮಾಡಿ ಕಳಿಸಿದ್ದಾಳಂತೆ. ಅಪ್ಪನಿಗೂ ಗೊತ್ತಿತ್ತಂತೆ. ಈಗ ಇಬ್ಬರ ಜೊತೆಯೂ ನಾನು ಮಾತು ಬಿಟ್ಟಿದ್ದೇನೆ. ಕುಡ್ಲದ ಅಕ್ಕ ಹೇಳಿದ ಪೇಪರ್ ಕಪ್ಪಿನ ಕಥೆ ಮಾತ್ರ ಎರಡು ಸಲ ಓದಿಸಿದಳು. ಹುಬ್ಬಳ್ಳಿ ಸಾರ್, ಆ ಎಕ್ಸೆಲ್ ಶೀಟ್ ನನಗೂ ಕಳಿಸಿ.

ಹುಬ್ಬಳ್ಳಿ ಅಪ್ಪ:
ಕಳಿಸಿದ್ದೇನೆ. ಜಿಂಕೆ ಎರಡನೇ ಪುಟದಲ್ಲಿದೆ.

ಎಡಿಸನ್ ರಾವ್:
ಹಾಸನದ ಮೇಡಂ, ಆ ಟ್ರಂಕ್ ಈಗ ಬೇಡವಾದರೆ ಮಾರುತ್ತೀರಾ? ಮಗಳು ಚಿಕ್ಕವಳು, ಇಲ್ಲೇ ಹುಟ್ಟಿದವಳು, ಪಾಸ್‌ಪೋರ್ಟ್ ಇದೆ. ಅವಳನ್ನಾದರೂ ಕಳಿಸೋಣ ಅಂತ.