ಸರ್ರಿಯಲಿಸ್ಟ್ ಸಿನಿಮಾದ ನೂರು ವರ್ಷವನ್ನು ಯಾವ ದಿನದಿಂದ ಎಣಿಸಬೇಕು?

ಪ್ರಶ್ನೆ:
ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಶತಮಾನೋತ್ಸವದ ಪ್ರದರ್ಶನವೊಂದನ್ನು ಏರ್ಪಡಿಸುವ ಮಾತು ನಡೆದಿದೆ. ಫ್ರೆಂಚ್ ಕವಿ ಆಂದ್ರೆ ಬ್ರೆತಾನ್ ಸರ್ರಿಯಲಿಸಂನ (ಕನಸು ಮತ್ತು ಸುಪ್ತ ಮನಸ್ಸನ್ನು ನೆಚ್ಚಿದ ಕಲಾಚಳವಳಿಯ) ಪ್ರಣಾಳಿಕೆಯನ್ನು ಹೊರತಂದದ್ದು 1924ರ ಅಕ್ಟೋಬರ್‌ನಲ್ಲಿ. ಅದರ ನೂರು ವರ್ಷವಂತೂ ತುಂಬಿಯಾಯಿತು, ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರ ಆ ನೆಪದಲ್ಲಿ ದೊಡ್ಡ ಕಲಾಪ್ರದರ್ಶನವನ್ನೇ ನಡೆಸಿತು. ಸಿನಿಮಾದ ಮಟ್ಟಿಗೆ ಲೂಯಿ ಬುನ್ಯುಯೆಲ್ ಮತ್ತು ಸಾಲ್ವಡಾರ್ ಡಾಲಿ ಸೇರಿ ಮಾಡಿದ ‘ಅನ್ ಶಿಯನ್ ಆಂಡಲೂ’ (1929) ಮೊದಲನೆಯದೆಂದು ನಾನು ನಂಬಿದ್ದೆ. 1928ರಲ್ಲಿಯೇ ಜರ್ಮೇನ್ ಡ್ಯುಲಾಕ್ ಅವರ ಚಿತ್ರ ಬಂದಿತ್ತೆಂದು ಗೆಳೆಯರೊಬ್ಬರು ತಕರಾರು ತೆಗೆದಿದ್ದಾರೆ. ಯಾವುದನ್ನು ಹಿಡಿಯೋಣ?

ಉತ್ತರ 1:
ತಕರಾರು ನ್ಯಾಯವಾದದ್ದೇ. ಆಂತೊನಿನ್ ಆರ್ತೋ ಬರೆದ ಚಿತ್ರಕಥೆಯಿಂದ ಡ್ಯುಲಾಕ್ ತೆಗೆದ ‘ದ ಸೀಶೆಲ್ ಅಂಡ್ ದ ಕ್ಲರ್ಜಿಮನ್’ 1928ರ ಫೆಬ್ರುವರಿ 9ರಂದು ಪ್ಯಾರಿಸ್ಸಿನ ಸ್ಟುಡಿಯೋ ದೆ ಉರ್ಸುಲೀನ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಮರುವರ್ಷ ಜೂನ್ 6ರಂದು ಬುನ್ಯುಯೆಲ್ ಚಿತ್ರ ಮೊದಲ ಬಾರಿ ತೆರೆಯ ಮೇಲೆ ಬಂದದ್ದೂ ಅದೇ ಮಂದಿರದಲ್ಲಿ. ಆರ್ತೋಗೆ ಡ್ಯುಲಾಕ್ ಅವರ ಮೇಲೆ ಮುನಿಸಿತ್ತು. ಮೊದಲ ಪ್ರದರ್ಶನದಲ್ಲಿ ಸರ್ರಿಯಲಿಸ್ಟರೇ ಕೂಗಾಡಿ ನಿರ್ದೇಶಕಿಯನ್ನು ಬೈದರು. ಚೊಚ್ಚಲ ಕೂಸನ್ನು ಮನೆಯವರೇ ಹೊರಗಿಟ್ಟರೆಂದು ನಾವೂ ಅದರ ಹುಟ್ಟಿದ ದಿನವನ್ನು ಮರೆಯಬೇಕಿಲ್ಲ.

ಉತ್ತರ 2:
ಮೊದಲು ಬಂದದ್ದು ಯಾವುದು ಎಂಬುದರಲ್ಲಿ ತಕರಾರಿಲ್ಲ. ಆದರೆ ಸರ್ರಿಯಲಿಸ್ಟರ ಗುಂಪು ‘ಇದು ನಮ್ಮದು’ ಎಂದು ಅಪ್ಪಿಕೊಂಡದ್ದು ಬುನ್ಯುಯೆಲ್ ಚಿತ್ರವನ್ನು. ತಾಯಿ ಕೊಟ್ಟ ದುಡ್ಡಿನಲ್ಲಿ ತೆಗೆದ ಆ ಚಿತ್ರಕ್ಕೆ ಬುನ್ಯುಯೆಲ್ ತೆರೆಯ ಹಿಂದೆ ನಿಂತು ಗ್ರಾಮಫೋನಿನಲ್ಲಿ ಒಮ್ಮೆ ಅರ್ಜೆಂಟೀನಾದ ಟ್ಯಾಂಗೋ, ಒಮ್ಮೆ ವಾಗ್ನರ್ ಸಂಗೀತ ಹಾಕುತ್ತಿದ್ದರಂತೆ. ಜನ ಗಲಾಟೆ ಮಾಡಿದರೆ ಎಸೆಯಲಿಕ್ಕೆ ಜೇಬಿನಲ್ಲಿ ಕಲ್ಲುಗಳನ್ನು ತುಂಬಿಕೊಂಡಿದ್ದೆನೆಂದೂ ಅವರೇ ಹೇಳಿಕೊಂಡಿದ್ದಾರೆ. ಚಪ್ಪಾಳೆ ಬಿದ್ದುದರಿಂದ ಕಲ್ಲುಗಳಿಗೆ ಕೆಲಸವಿಲ್ಲದೆ ಹೋಯಿತು. ಚಿತ್ರದಲ್ಲಿ ಚಂದ್ರನನ್ನು ತೆಳು ಮೋಡ ಸೀಳಿ ಹೋದ ಮರುಕ್ಷಣ ರೇಜರ್ ಕಣ್ಣನ್ನು ಸೀಳುತ್ತದೆ. ಅದು ಕರುವಿನ ಕಣ್ಣೆಂದು ಗೊತ್ತಿದ್ದೂ ಪ್ರತಿಸಲ ನಾನು ಮುಖ ತಿರುಗಿಸುತ್ತೇನೆ. ನನ್ನ ಮತ 2029ಕ್ಕೆ.

ಉತ್ತರ 3:
ಡ್ಯುಲಾಕ್ ಚಿತ್ರ ಸುಮಾರು 40 ನಿಮಿಷದ್ದು, ಇನ್ನೊಂದು 16 ನಿಮಿಷದ ಆಸುಪಾಸಿನದು. ಎರಡನ್ನೂ ಒಂದೇ ಸಂಜೆ, ಬಂದ ಕ್ರಮದಲ್ಲೇ ತೋರಿಸಬಹುದು. ಬುನ್ಯುಯೆಲ್ ಚಿತ್ರದೊಂದಿಗೆ ಈಗ ಕೇಳಿಬರುವ ಸಂಗೀತವನ್ನು ಸೇರಿಸಿದ್ದು 1960ರಲ್ಲಿ. ಅದನ್ನು ಮ್ಯೂಟ್ ಮಾಡಿ, ಪಕ್ಕದಲ್ಲಿ ರೆಕಾರ್ಡ್ ಪ್ಲೇಯರ್ ಇಟ್ಟರೆ ಆ ರಾತ್ರಿಯ ರುಚಿ ಸ್ವಲ್ಪವಾದರೂ ಸಿಕ್ಕೀತು. ಕಣ್ಣಿನ ದೃಶ್ಯದ ಬಗ್ಗೆ ಮಾತ್ರ ಆಹ್ವಾನಪತ್ರಿಕೆಯಲ್ಲೇ ಎಚ್ಚರಿಕೆ ಕೊಡಿ.

ಪ್ರಶ್ನೆ ಕೇಳಿದವರು:
ಹಾಗಾದರೆ 2028ರ ಫೆಬ್ರುವರಿ 9ಕ್ಕೆ ಎರಡನ್ನೂ ಇಟ್ಟುಕೊಳ್ಳುತ್ತೇವೆ. ಹಳೆಯ ಟ್ಯಾಂಗೋ ರೆಕಾರ್ಡ್ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ.