ಸಿಗಡಿ ಕೆಟ್ಟದ್ದು ಬೆಂಕಿಯಿಂದಲ್ಲ

ಅತ್ತಿಗೆ, ನಿಮ್ಮ ಸಂದೇಶವನ್ನು ಈಗಷ್ಟೇ ಕೇಳಿದೆ. ರಾತ್ರಿಯಿಡೀ ನಿಂಬೆರಸದ ಮಸಾಲೆಯಲ್ಲಿ ನೆನೆಸಿದ ಸಿಗಡಿ ಸುಟ್ಟಾಗ ರಬ್ಬರಾಯಿತು, ಜೊತೆಗೆ ಮಾಡಿದ ಅನ್ನ ಸಪ್ಪೆಯಾಯಿತು ಎಂದಿರಿ. ಗ್ರಿಲ್ಲನ್ನು ಬೈಯಬೇಡಿ, ಪಾಪ. ಕೆಲಸ ಕೆಟ್ಟದ್ದು ಹಿಂದಿನ ರಾತ್ರಿಯೇ.

ಕೋಳಿಯಾದರೆ ರಾತ್ರಿಯಿಡೀ ನೆನೆಯಲಿ, ತಡೆದುಕೊಳ್ಳುತ್ತದೆ. ಸಿಗಡಿಗೆ ಹುಳಿ ತಗುಲಿದರೆ ಬೆಂಕಿ ಕಾಣುವ ಮೊದಲೇ ಅದರ ಮಾಂಸ ಬಿಳಿಚಿ ಬಿಗಿಯುತ್ತದೆ. ಆಮೇಲೆ ಸುಟ್ಟರೆ ಎರಡು ಸಲ ಬೇಯಿಸಿದಂತೆ. ನಾನು ಬೆಳ್ಳುಳ್ಳಿ, ಖಾರದ ಪುಡಿ, ಉಪ್ಪು, ಎಣ್ಣೆಯನ್ನಷ್ಟೇ ಹಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡುತ್ತೇನೆ. ನಿಂಬೆ ಹಿಂಡುವುದು ತಟ್ಟೆಗೆ ಬಂದ ಮೇಲೆ. ಮಸಾಲೆ ಹಚ್ಚುವ ಮುನ್ನ ಸಿಗಡಿಯನ್ನು ಒಣಬಟ್ಟೆಯಲ್ಲಿ ಒತ್ತಿ ಒರೆಸಿ. ನೀರಿದ್ದರೆ ಅದು ಸುಡುವುದಿಲ್ಲ, ಬೇಯುತ್ತದೆ ಅಷ್ಟೆ.

ಈಗ ಅನ್ನದ ವಿಷಯ. ಸುಲಿದ ಚಿಪ್ಪನ್ನೂ ತಲೆಗಳನ್ನೂ ಎಸೆದಿರಿ, ಹೌದಲ್ಲವೇ? ರುಚಿಯೆಲ್ಲ ಅಲ್ಲಿತ್ತು! ಎರಡು ಚಮಚ ಎಣ್ಣೆ ಕಾಯಿಸಿ ಅವನ್ನು ಹಾಕಿ ಹುರಿಯಿರಿ. ಬೂದುಬಣ್ಣದ ಚಿಪ್ಪು ನೋಡನೋಡುತ್ತಿದ್ದಂತೆ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ, ಎಣ್ಣೆಯೂ ಕೇಸರಿಯಾಗುತ್ತದೆ. ಸೌಟಿನ ಬೆನ್ನಿನಿಂದ ತಲೆಗಳನ್ನು ಅದುಮಿ, ಮೂರು ಲೋಟ ನೀರು ಹೊಯ್ದು, 20 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ. ಅನ್ನಕ್ಕೆ ನೀರಿನ ಬದಲು ಈ ರಸ. ಈರುಳ್ಳಿ ಬಾಡಿಸಿ, ಅರ್ಧ ಗಂಟೆ ನೆನೆದು ಬಸಿದ ಅಕ್ಕಿಯನ್ನು ಅದರಲ್ಲಿ ಹೊರಳಾಡಿಸಿ, ಒಂದು ಲೋಟ ಅಕ್ಕಿಗೆ ಒಂದೂಮುಕ್ಕಾಲು ಲೋಟ ರಸ ಹೊಯ್ಯಿರಿ. ಕುದಿ ಬಂದೊಡನೆ ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ ರಸ ಇಂಗುವವರೆಗೆ ಬೇಯಿಸಿ. ಒಲೆ ಆರಿಸಿ ಇನ್ನೂ 10 ನಿಮಿಷ ಮುಟ್ಟಬೇಡಿ. ಮುಚ್ಚಳ ತೆಗೆದು ಇಣುಕುವ ಚಟ ಅಣ್ಣನಿಗಿದೆ, ಆ ಹೊತ್ತಿಗೆ ಅವನನ್ನು ಬೇರೆ ಕೆಲಸಕ್ಕೆ ಹಚ್ಚಿ.

ಸಿಗಡಿ ಸುಡುವುದು ಆ ಹತ್ತು ನಿಮಿಷದಲ್ಲೇ. ಮರದ ಕಡ್ಡಿಗಳನ್ನು ಮೊದಲೇ ನೀರಿನಲ್ಲಿ ಹಾಕಿಟ್ಟಿರಿ. ಒಂದರ ಬದಲು ಎರಡು ಕಡ್ಡಿ ಜೋಡಿಸಿ ಪೋಣಿಸಿದರೆ ಮಗುಚುವಾಗ ಸಿಗಡಿ ಗಿರಗಿರನೆ ತಿರುಗುವುದಿಲ್ಲ. ಚೆನ್ನಾಗಿ ಕಾದ ಗ್ರಿಲ್ಲಿನ ಮೇಲೆ ಒಂದೊಂದು ಮಗ್ಗುಲಿಗೆ ಎರಡು ನಿಮಿಷ, ದಪ್ಪವಿದ್ದರೆ ಮೂರು. ಗಡಿಯಾರಕ್ಕಿಂತ ಕಣ್ಣನ್ನು ನಂಬಿ: ಕಪ್ಪು ನರ ತೆಗೆಯಲು ಬೆನ್ನು ಸೀಳಿರುತ್ತೀರಲ್ಲ, ಆ ಸೀಳಿನ ಒಳಗೆ ನೋಡಿ. ಗಾಜಿನಂತಿದ್ದದ್ದು ಹಾಲಿನ ಬಿಳುಪಿಗೆ ಬಂದರೆ ತಕ್ಷಣ ಇಳಿಸಿ. ಕಡ್ಡಿಗೆ ಪೋಣಿಸದೆ ಸುಟ್ಟರೆ ಇನ್ನೂ ಸುಲಭ. ಕುಡುಗೋಲಿನಂತೆ ಬಾಗಿದರೆ ಬೆಂದಿದೆ, ಬಳೆಯಂತೆ ಸುತ್ತಿಕೊಂಡರೆ ಮೀರಿತು.

ಇನ್ನು ನಮ್ಮ ಚಿಕ್ಕಮ್ಮನ ಪ್ರಶ್ನೆ. ಪಾತ್ರೆಯಲ್ಲಿ ಉಳಿದ ಮಸಾಲೆಯನ್ನು ಸುಟ್ಟ ಸಿಗಡಿಯ ಮೇಲೆ ಸುರಿಯಬಹುದೇ ಎಂದು ಅವರು ಕೇಳಿದ್ದರು. ಬೇಡವೇ ಬೇಡ, ಹಸಿ ಸಿಗಡಿ ಮುಳುಗಿದ್ದ ಮಸಾಲೆ ಅದು. ಈರುಳ್ಳಿ ಬಾಡುವಾಗ ಅದನ್ನೂ ಹಾಕಿ ಹುರಿದುಬಿಡಿ, ಅನ್ನದೊಂದಿಗೆ ಚೆನ್ನಾಗಿ ಬೇಯುತ್ತದೆ. ಉಪ್ಪನ್ನು ಮಾತ್ರ ಆಮೇಲೆ ರುಚಿ ನೋಡಿ ಹಾಕಿ.

ಹಾಂ, ಇನ್ನೊಂದು. ಊಟಕ್ಕೆ ಬರುವವರಲ್ಲಿ ಯಾರಿಗಾದರೂ ಸಿಗಡಿ ಒಗ್ಗದಿದ್ದರೆ, ಅನ್ನವನ್ನಷ್ಟೇ ಬಡಿಸಿದರೆ ಆಯಿತು ಎಂದುಕೊಳ್ಳಬೇಡಿ. ಈ ಅನ್ನದ ಅಗುಳಗುಳಿನಲ್ಲೂ ಸಿಗಡಿಯೇ ಇದೆ. ಅವರಿಗೆ ಬೇರೆ ಪಾತ್ರೆಯಲ್ಲಿ ಅನ್ನ ಇಡಿ.